ತೊಡೆಯ ಮೇಲಿದ್ದ ಕೈ

ಥಾಣೆಯ ಆಸ್ಪತ್ರೆಯ ಕಾರಿಡಾರಿನಲ್ಲಿ ನಿಂತು ಡಾಕ್ಟರಿಗೆ ನಾನು ಏನು ಹೇಳಿದೆ ಎಂಬುದು ನನಗೆ ಸರಿಯಾಗಿ ಗೊತ್ತಿಲ್ಲ. "ಮಿಷಿನ್ನಿನ ತಪ್ಪು ಅಂತ ನೀನೇ ಹೇಳಿದ್ದು" ಎನ್ನುತ್ತಾಳೆ ಅಕ್ಕ. ನನ್ನ ನೆನಪಿನಲ್ಲಿ ನಾನು ಹೇಳಿದ್ದು "ಖಂಡಿತವಾಗಿ ಹೇಳಲು ಆಗುವುದಿಲ್ಲ" ಎಂದು. ಡಾಕ್ಟರೊಡನೆ ಮಾತಾಡಿದ್ದು ಹಿಂದಿಯಲ್ಲಿ. ಆ ಹಿಂದಿ ವಾಕ್ಯ ಈಗ ನನ್ನ ಬಳಿ ಇಲ್ಲ, ಅದರ ಅರ್ಥ ಮಾತ್ರ ಉಳಿದಿದೆ. ಆ ಅರ್ಥವನ್ನೂ ಆಮೇಲೆ ನನಗೆ ಅನುಕೂಲವಾಗುವ ಹಾಗೆ ತಿದ್ದಿಕೊಂಡೆನೋ ಏನೋ. ಆ ಹೊತ್ತು ನನ್ನ ಕೈಯಲ್ಲಿ ಭಾವನ ಚಪ್ಪಲಿ ಹಾಕಿದ್ದ ಪ್ಲಾಸ್ಟಿಕ್ ಚೀಲ ಇತ್ತು, ಅದು ಸ್ಪಷ್ಟವಾಗಿ ನೆನಪಿದೆ. ಚೀಲ ತನ್ನ ಕೈಯಲ್ಲಿತ್ತು ಎನ್ನುತ್ತಾಳೆ ಅಕ್ಕ.

ನಾನು ಎಂ.ಟೆಕ್. ಓದಿದವನು. ಕೈಗೆ ಕಟ್ಟುವ ಬ್ಯಾಂಡುಗಳಿಗೆ ನಾಡಿ ಅಳೆಯುವ ಸೆನ್ಸರ್ ಮಾಡುವುದು ನನ್ನ ಕೆಲಸ. ಆಫೀಸು ನವಿಮುಂಬಯಿಯ ಮಹಾಪೆಯಲ್ಲಿ. ಡೊಂಬಿವಲಿಯಿಂದ ಕಂಪನಿಯ ಬಸ್ಸು ಶಿಳ್‌ಫಾಟಾ ದಾರಿಯಾಗಿ ಕರೆದೊಯ್ಯುತ್ತದೆ, ಹಾಗಾಗಿ ಲೋಕಲ್ ಟ್ರೈನಿನ ಸಹವಾಸ ನನಗೆ ಕಡಿಮೆ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಟ್ರೈನಿನಲ್ಲಿ ಜನ ಹೇಗೆ ಹೋಗುತ್ತಾರೆ ಎಂಬುದು ನನಗೆ ಗೊತ್ತಿದ್ದರೆ ಮುಂದಿನದೆಲ್ಲ ಬೇರೆಯಾಗುತ್ತಿತ್ತು.

ನಮ್ಮ ಸೆನ್ಸರ್ ಸರಳವಾದದ್ದು. ಹಸಿರು ದೀಪವೊಂದು ಚರ್ಮದೊಳಕ್ಕೆ ಬೆಳಕು ಬಿಡುತ್ತದೆ. ನಾಡಿ ಉಬ್ಬಿದಾಗ ರಕ್ತ ಹೆಚ್ಚು ಬೆಳಕನ್ನು ಹೀರುತ್ತದೆ, ಇಳಿದಾಗ ಕಡಿಮೆ. ಮರಳಿ ಬರುವ ಬೆಳಕಿನ ಆ ಸಣ್ಣ ಏರಿಳಿತವನ್ನು ಎಣಿಸಿದರೆ ಹೃದಯದ ಬಡಿತ. ಹೇಳಲು ಇಷ್ಟೇ. ಮಾಡಲು ಹೋದರೆ ಬೆವರು, ಕೂದಲು, ಸಡಿಲವಾದ ಪಟ್ಟಿ, ಬಿಸಿಲು, ಕೈಯ ಅಲುಗಾಟ ಎಲ್ಲವೂ ನಾಡಿಯ ವೇಷ ಹಾಕಿಕೊಂಡು ಬರುತ್ತವೆ. ದಿನವಿಡೀ ಸುಳ್ಳು ಬಡಿತಗಳನ್ನು ಹಿಡಿದು ಹೊರಗೆ ಹಾಕುವುದೇ ನನ್ನ ಕಸುಬು. ವರ್ಷಗಟ್ಟಲೆ ಇದನ್ನೇ ಮಾಡಿದವನಿಗೆ ನಿಜವಾದ ಬಡಿತದ ಮೇಲೂ ಮೊದಲು ಹುಟ್ಟುವುದು ಅನುಮಾನವೇ.

ಆ ವರ್ಷ ಹೊಸ ಬ್ಯಾಂಡಿನ ಮೊದಲ ಕಂತು ಅಂಬರನಾಥದ ಒಂದು ಘಟಕದಲ್ಲಿ ಜೋಡಣೆಯಾಗಿ ಬಂತು. ಕೈಯ ಚಲನೆಯನ್ನು, ಕೈ ಮೇಲಿದೆಯೋ ಕೆಳಗಿದೆಯೋ ಎಂಬುದನ್ನು ತಿಳಿಯುವ ಚಿಪ್ ಮಾರುಕಟ್ಟೆಯಲ್ಲಿ ಸಿಗದೆ ಅದರ ಜಾಗವನ್ನು ಬೋರ್ಡಿನಲ್ಲಿ ಖಾಲಿ ಬಿಟ್ಟಿದ್ದೆವು. ಮುಂದಿನ ಕಂತಿಗೆ ಹಾಕಿದರಾಯಿತು ಎಂದುಕೊಂಡೆವು. ಎಲ್ಲರೂ ಮನೆಯವರಿಗೆ ಒಂದೊಂದು ಬ್ಯಾಂಡ್ ಕಟ್ಟಿ ನೋಡಿ ಎಂದರು ಆಫೀಸಿನಲ್ಲಿ. ನಾನು ಭಾವನಿಗೆ ಕಟ್ಟಿದೆ.

ಭಾವ, ಅಂದರೆ ಅಕ್ಕನ ಗಂಡ, ಥಾಣೆ ಸ್ಟೇಷನ್ ಹತ್ತಿರ ಉಡುಪಿಯವರೊಬ್ಬರ ಹೋಟೆಲಿನಲ್ಲಿ ಮ್ಯಾನೇಜರ್. ದುಡ್ಡು ತೆಗೆದುಕೊಳ್ಳುವ ಗಲ್ಲೆಯಲ್ಲಿ ಕೂರುವವರು. ಅವರ ಮನೆ ಡೊಂಬಿವಲಿ ಪೂರ್ವದಲ್ಲಿ, ನಮ್ಮ ಕಟ್ಟಡದಿಂದ ಎರಡು ಗಲ್ಲಿ ಆಚೆ. ನಾವು ಮಾತಾಡುವುದು ತುಳು, ನಡುವೆ ಕನ್ನಡ. ಇಲ್ಲಿ ಎಲ್ಲವನ್ನೂ ಕನ್ನಡದಲ್ಲೇ ಬರೆಯುತ್ತಿದ್ದೇನೆ.

"ಎಂತ ಮಾರಾಯ ಇದು, ಕರಿಮಣಿಯ ಹಾಗೆ ತೆಗೀಲಿಕ್ಕೇ ಇಲ್ವಾ?" ಎಂದರು ಬ್ಯಾಂಡನ್ನು ತಿರುಗಿಸಿ ನೋಡುತ್ತ.

"ಸ್ನಾನಕ್ಕೆ ತೆಗೀಬಹುದು ಭಾವ."

"ನಿನ್ನ ಅಕ್ಕ ಸ್ನಾನಕ್ಕೂ ತೆಗೆಯುದಿಲ್ಲ."

ಅಕ್ಕ ಒಳಗಿನಿಂದ, "ನಿಮ್ಮ ಹೃದಯ ಉಂಟಾ ಇಲ್ವಾ ಅಂತ ಈಗಾದರೂ ಗೊತ್ತಾಗ್ಲಿ" ಎಂದಳು.

ಭಾವನಿಗೆ ಒಂದು ಜಂಬ ಇತ್ತು. ಮುಂಬಯಿಗೆ ಬಂದ ದಿನದಿಂದ ಟ್ರೈನಿನಲ್ಲಿ ನಿಂತೇ ಹೋದವನು ತಾನು ಎಂಬ ಜಂಬ. ಬೆಳಗಿನ ಹೊತ್ತು ಡೊಂಬಿವಲಿಯಲ್ಲಿ ಥಾಣೆ ಕಡೆಯ ಗಾಡಿ ಹತ್ತಿದರೆ ಕಾಲೂರಲು ಜಾಗ ಸಿಕ್ಕಿದ್ದೇ ಪುಣ್ಯ. ಅದಕ್ಕೇ ಹಲವರು ಮೊದಲು ಹಿಮ್ಮುಖವಾಗಿ ಕಲ್ಯಾಣಿಗೆ ಹೋಗುವ ಗಾಡಿ ಹತ್ತಿ ಸೀಟು ಹಿಡಿಯುತ್ತಾರೆ. ಅದೇ ಗಾಡಿ ಕಲ್ಯಾಣಿನಲ್ಲಿ ತಿರುಗಿ ಮುಂಬಯಿ ಕಡೆ ಹೊರಟಾಗ ಕೂತಲ್ಲೇ ಕೂತಿರುತ್ತಾರೆ. ಭಾವನಿಗೆ ಅವರನ್ನು ಕಂಡರೆ ತಮಾಷೆ. "ಥಾಣೆಗೆ ಹೋಗ್ಲಿಕ್ಕೆ ಕಲ್ಯಾಣಿಗೆ ಹೋಗುವ ಜನ. ಅಷ್ಟು ಕೂರಬೇಕಾದ್ರೆ ಮನೆಯಲ್ಲೇ ಕೂರಬಾರ್ದಾ?" ಇದನ್ನು ಎಷ್ಟು ಸಲ ಹೇಳಿದ್ದರೋ.

ಕೆಲವು ವಾರಗಳ ನಂತರ ಭಾವನ ಬ್ಯಾಂಡಿನ ಅಂಕಿಗಳನ್ನು ನೋಡುವಾಗ ಒಂದು ವಿಚಿತ್ರ ಕಂಡಿತು. ಬೆಳಿಗ್ಗೆ ಕೆಲಸಕ್ಕೆ ಹೋಗುವ ಹೊತ್ತಿನಲ್ಲಿ, ಎಲ್ಲ ದಿನವೂ ಅಲ್ಲ, ಕೆಲವು ದಿನ, ನಾಡಿ ತೊಂಬತ್ತರ ಆಸುಪಾಸಿನಿಂದ ಒಮ್ಮೆಲೇ ನಲವತ್ತೈದರ ಆಸುಪಾಸಿಗೆ ಬೀಳುತ್ತಿತ್ತು. ಕೆಲವು ನಿಮಿಷ ಅಲ್ಲೇ ಇದ್ದು ಮತ್ತೆ ಏರುತ್ತಿತ್ತು. ಬಿದ್ದಾಗಲೆಲ್ಲ ಸರಿಸುಮಾರು ಅರ್ಧಕ್ಕೇ. ನಮ್ಮ ಕಸುಬಿನವರಿಗೆ ಅರ್ಧ ಎಂದರೆ ಒಂದೇ ಅರ್ಥ. ಸಿಗ್ನಲ್ ದುರ್ಬಲವಾದಾಗ ಯಂತ್ರ ಒಂದು ಬಡಿತ ಹಿಡಿದು ಒಂದನ್ನು ಬಿಟ್ಟುಬಿಡುತ್ತದೆ. ಹೃದಯ ಸರಿಯಾಗಿಯೇ ಇರುತ್ತದೆ, ಎಣಿಕೆ ತಪ್ಪಿರುತ್ತದೆ.

"ಭಾವ, ಬೆಳಿಗ್ಗೆ ಗಾಡಿಯಲ್ಲಿ ನೀವು ಎಂತ ಮಾಡ್ತೀರಿ?" ಎಂದು ಕೇಳಿದೆ.

"ಎಂತ ಮಾಡುದು? ಹ್ಯಾಂಡಲ್ ಹಿಡ್ಕೊಂಡು ಬಾವಲಿಯ ಹಾಗೆ ನೇತಾಡುದು."

"ಯಾವ ಕೈಯಲ್ಲಿ?"

"ಇದರಲ್ಲೇ" ಎಂದು ಬ್ಯಾಂಡ್ ಇದ್ದ ಎಡಗೈ ಎತ್ತಿ ತೋರಿಸಿದರು. ಎತ್ತಿದ ಕೈಯನ್ನು ಬೇಗ ಇಳಿಸಿದರು ಎಂದು ನನಗೆ ಈಗ ಅನಿಸುತ್ತದೆ. ಆಗ ಅನಿಸಿತ್ತೇ? ಗೊತ್ತಿಲ್ಲ.

ಕೈ ಎತ್ತಿ ಹಿಡಿದರೆ ಮಣಿಕಟ್ಟಿಗೆ ರಕ್ತ ಕಡಿಮೆ, ಸಿಗ್ನಲ್ ದುರ್ಬಲ. ನನಗೆ ಖುಷಿಯಾಯಿತು, ಅದನ್ನು ಮುಚ್ಚಿಡುವುದಿಲ್ಲ. ಮೇಜಿನ ಮೇಲೆ ಕೈಯಿಟ್ಟು ಪರೀಕ್ಷೆ ಮಾಡುವ ಊರುಗಳಲ್ಲಿ ಯಾರಿಗೂ ಹೊಳೆಯದ ದೋಷ ಇದು. ಇಡೀ ಊರಿನ ಕೈ ತಲೆಯ ಮೇಲಿರುವುದು ನಮ್ಮಲ್ಲಿ ಮಾತ್ರ. ಆಫೀಸಿನ ಬಾಗಿಲ ಚೌಕಟ್ಟಿಗೆ ಹಗ್ಗ ಕಟ್ಟಿ, ಬ್ಯಾಂಡ್ ಹಾಕಿದ ಕೈಯಲ್ಲಿ ಅದನ್ನು ಹಿಡಿದು, ಗಾಡಿಯ ಹಾಗೆ ಓಲಾಡುತ್ತ ನಿಂತೆ. ಸಹೋದ್ಯೋಗಿಗಳು ಹಾದುಹೋಗುವಾಗ "ಅಂಕಲ್, ದಾದರ್ ಬಂತು, ಇಳೀರಿ" ಎಂದು ಬೆನ್ನು ತಳ್ಳಿದರು. ಸ್ವಲ್ಪ ಹೊತ್ತಿನಲ್ಲಿ ನನ್ನ ನಾಡಿ ಬ್ಯಾಂಡಿನಲ್ಲಿ ಅರ್ಧಕ್ಕೆ ಇಳಿಯಿತು. ಎದೆಗೆ ಕಟ್ಟಿದ ಇನ್ನೊಂದು ಪಟ್ಟಿ ಪೂರ್ತಿ ತೋರಿಸುತ್ತಿತ್ತು. ದೋಷ ಸಿಕ್ಕಿತು ಎಂದು ಎಲ್ಲರೂ ಒಪ್ಪಿದರು. ಸಂಜೆ ಅಕ್ಕನ ಮನೆಗೆ ಹೋಗಿ ಅದನ್ನೇ ಹೇಳಿದೆ. ಭಾವ ತಲೆಯಾಡಿಸಿದರು. "ಹಾಗಾದ್ರೆ ಹೆದರುದು ಬೇಡ" ಎಂದಳು ಅಕ್ಕ.

ಅದಾಗಿ ಹೆಚ್ಚು ದಿನ ಕಳೆದಿರಲಿಲ್ಲ. ಹೋಟೆಲಿಗೆ ಬಂದು ಗಲ್ಲೆಯ ಬೀಗ ತೆಗೆಯುತ್ತಿದ್ದಾಗಲೇ ಭಾವ ಕುಸಿದು ಬಿದ್ದರು. ಹೋಟೆಲಿನವರು ರಿಕ್ಷಾದಲ್ಲಿ ಹಾಕಿಕೊಂಡು ಮಾಜಿವಾಡಾ ಹತ್ತಿರದ ಆಸ್ಪತ್ರೆಗೆ ಒಯ್ದರು. ನಾವು ತಲುಪುವಷ್ಟರಲ್ಲಿ ಭಾವ ಮಂಚದ ಮೇಲೆ ಎದ್ದು ಕೂತು, ಹೋಟೆಲಿನ ಚಟ್ನಿಗೆ ಉಪ್ಪು ಹಾಕಿದ್ದಾರೋ ಇಲ್ಲವೋ ಎಂದು ಫೋನಿನಲ್ಲಿ ಕೇಳುತ್ತಿದ್ದರು. ಇ.ಸಿ.ಜಿ. ಸರಿ ಇತ್ತು. ಎಕೋ ಸರಿ ಇತ್ತು. ಮಾರನೆಯ ದಿನದವರೆಗೆ ಇಟ್ಟುಕೊಂಡು ನೋಡಿದರು, ಎಲ್ಲವೂ ಸರಿ ಇತ್ತು. ಬೆಳಿಗ್ಗೆ ಏನೂ ತಿನ್ನದೆ ಬಂದದ್ದಕ್ಕೆ ಆಗಿರಬೇಕು ಎಂದರು.

ಕಾರಿಡಾರಿನಲ್ಲಿ ಅಕ್ಕ ನನ್ನ ತೋಳು ಹಿಡಿದಳು. "ನಿನ್ನ ಬ್ಯಾಂಡಿನಲ್ಲಿ ನಲವತ್ತೈದು ಅಂತ ಬರ್ತಿತ್ತಲ್ಲ, ಅದನ್ನು ಡಾಕ್ಟರಿಗೆ ಹೇಳು."

ಡಾಕ್ಟರ್ ನಡುವಯಸ್ಸಿನ ಹೆಂಗಸು. ಅವರು ನಿಂತು ಕೇಳಿದರು. ಪ್ರಶ್ನೆಯನ್ನು ಬಹಳ ನೇರವಾಗಿ ಕೇಳಿದರು. ಎಚ್ಚರವಿರುವ ಮನುಷ್ಯನ ನಾಡಿ ನಿಜವಾಗಿ ಅಷ್ಟಕ್ಕೆ ಇಳಿಯುತ್ತಿದ್ದರೆ, ಅವನು ಪ್ರಜ್ಞೆ ತಪ್ಪಿಯೂ ಬಿದ್ದಿದ್ದರೆ, ತಾನು ಅವನನ್ನು ಮನೆಗೆ ಬಿಡುವುದಿಲ್ಲ. ಯಂತ್ರದ ದೋಷವಾದರೆ ಇಟ್ಟುಕೊಳ್ಳಲು ಬೇರೆ ಕಾರಣವಿಲ್ಲ. "ನೀವೇ ಅದನ್ನು ಮಾಡಿದವರಂತೆ. ಅದು ನಾಡಿಯೋ, ಯಂತ್ರವೋ?"

ಇಲ್ಲಿ ನನ್ನ ನೆನಪು ಕೈಕೊಡುತ್ತದೆ. ಬಾಗಿಲು ತೆರೆದಿತ್ತು, ಒಳಗಿನಿಂದ ಭಾವ "ಡಾಕ್ಟರ್ ಸಾಬ್, ನಾನು ಗಾಡಿಯಲ್ಲಿ ಕೈ ಎತ್ತಿ ನಿಂತಿರ್ತೇನೆ, ಅದಕ್ಕೆ ಹಾಗೆ" ಎಂದು ಕೂಗಿ ಹೇಳಿದರು. ಅದು ಮೂವರಿಗೂ ನೆನಪಿದೆ. ನಾನು ಏನೋ ಒಂದು ಹೇಳಿದೆ. ಡಾಕ್ಟರ್ ತಲೆಯಾಡಿಸಿ ಹೋದರು. ಮಧ್ಯಾಹ್ನ ಭಾವನನ್ನು ಮನೆಗೆ ಕಳಿಸಿದರು.

ಅವತ್ತಿನಿಂದ ನನಗೆ ನೆಮ್ಮದಿ ಇಲ್ಲವಾಯಿತು. ಭಾವ ಮತ್ತೆ ಬಿದ್ದರೆ ಏಳುತ್ತಾರೆ ಎಂಬ ಭರವಸೆ ಯಾರು ಕೊಡಬೇಕು? ಡಾಕ್ಟರ್ ಒಂದು ಇಡೀ ದಿನದ ನಾಡಿ ದಾಖಲಿಸುವ ಯಂತ್ರವನ್ನು ಎದೆಗೆ ಅಂಟಿಸಿ ಕಳಿಸಿದ್ದರು. ಆ ದಿನ ಅಕ್ಕ ಅವರನ್ನು ಸೋಫಾದಿಂದ ಏಳಲೂ ಬಿಡಲಿಲ್ಲ. ಅದರಲ್ಲಿ ಏನೂ ಸಿಗಲಿಲ್ಲ. ಹೋಟೆಲಿನ ಯಜಮಾನರು ಒಂದು ವಾರ ರಜೆ ಕೊಟ್ಟರು. ನಾನು ಕಂಪನಿಯ ಬಸ್ಸು ಬಿಟ್ಟು ಲೋಕಲಿನಲ್ಲಿ ಥಾಣೆಗೆ ಹೋಗಿ, ಅಲ್ಲಿಂದ ಗಾಡಿ ಬದಲಿಸಿ ಆಫೀಸಿಗೆ ಹೋಗತೊಡಗಿದೆ. ಕೈಗೆ ಬ್ಯಾಂಡ್, ಅಂಗಿಯೊಳಗೆ ಎದೆಯ ಪಟ್ಟಿ. ಕೈ ಎತ್ತಿ ನೇತಾಡುತ್ತ ನಿಂತರೆ ಒಮ್ಮೊಮ್ಮೆ ಅಂಕಿ ಅರ್ಧವಾಗುತ್ತಿತ್ತು, ಒಮ್ಮೊಮ್ಮೆ ಆಗುತ್ತಿರಲಿಲ್ಲ. ಅರ್ಧವಾದ ದಿನ ಜೀವ ಹಗುರವಾಗುತ್ತಿತ್ತು. ಆಗದ ದಿನ, ಪಟ್ಟಿ ಬಿಗಿಯಾಗಿದ್ದಿರಬೇಕು, ಜನ ಕಡಿಮೆ ಇದ್ದಿರಬೇಕು ಎಂದು ಕಾರಣ ಹುಡುಕುತ್ತಿದ್ದೆ. ನಾನು ಅಳೆಯುತ್ತಿದ್ದೇನೋ, ಬೇಡಿಕೊಳ್ಳುತ್ತಿದ್ದೇನೋ ತಿಳಿಯದಾಯಿತು. ದಿವಾ ಸ್ಟೇಷನ್ನಿನಲ್ಲಿ ಒಳನುಗ್ಗುವ ಜನರ ನಡುವೆ ಸಿಕ್ಕಿ, ಮೇಲಿರುವ ನನ್ನ ಮಣಿಕಟ್ಟಿನ ಅಂಕಿ ನೋಡಲು ಕತ್ತು ತಿರುಗಿಸಲೂ ಆಗದೆ ನಿಂತಿದ್ದಾಗ, ಇಷ್ಟು ಓದಿದ್ದು ಇದಕ್ಕಾ ಎನಿಸಿತು.

"ಗೊತ್ತಾಯ್ತಾ?" ಎಂದು ಅಕ್ಕ ದಿನಾ ಸಂಜೆ ಕೇಳುತ್ತಿದ್ದಳು.

"ನೋಡ್ತಾ ಇದ್ದೇನೆ."

"ನೀನು ನೋಡ್ತಾ ಇರು. ಅವರು ಬಾತ್‌ರೂಮಿನ ಚಿಲಕ ಹಾಕಿದ್ರೆ ನಾನು ಹೊರಗೆ ನಿಂತು ನೀರಿನ ಸದ್ದು ಕೇಳ್ತಾ ಇರ್ತೇನೆ."

ಅಕ್ಕನ ಮಗಳಿಗೆ ನಮ್ಮ ಮಾತು ಅರ್ಥವಾಗುತ್ತದೆ, ಉತ್ತರ ಮಾತ್ರ ಮರಾಠಿಯಲ್ಲಿ. "ಮಾಮಾ, ನಕ್ಕಿ ಸಾಂಗ್ ನಾ" ಎಂದಳು. ಖಂಡಿತವಾಗಿ ಹೇಳು ಎಂದು. ನನ್ನಿಂದ ಆಗದ್ದು ಅದೊಂದೇ. ಆಫೀಸಿನಲ್ಲಿ ಅನುಮಾನ ಪಡುವುದಕ್ಕೆ ಸಂಬಳ ಕೊಡುತ್ತಾರೆ. ಆ ಮನೆಯಲ್ಲಿ ನನ್ನ ಅನುಮಾನ ಮೂರು ಜನರ ಊಟದ ತಟ್ಟೆಯ ಮೇಲೆ ಕೂತಿತ್ತು.

ಭಾವ ಕೆಲಸಕ್ಕೆ ಮರಳುವ ದಿನ ನಾನೂ ಜೊತೆಗೆ ಬರುತ್ತೇನೆ ಎಂದೆ. ಅವರು ಸಿಟ್ಟಾದರು. "ಬೇಡ. ಮದುಮಗಳನ್ನು ಬಿಡ್ಲಿಕ್ಕೆ ಹೋಗುವ ಹಾಗೆ ನೀನು ಯಾಕೆ? ನಿನ್ನ ಬಸ್ಸಿನಲ್ಲಿ ನೀನು ಹೋಗು." ನಾನು ಒಪ್ಪಿದ ಹಾಗೆ ಮಾಡಿ ಹಿಂದಿನಿಂದ ಹೊರಟೆ. ಅಕ್ಕ ಕಳಿಸಿದಳೋ ನಾನೇ ಹೋದೆನೋ, ಅದರಲ್ಲೂ ನಮಗಿಬ್ಬರಿಗೆ ಒಮ್ಮತವಿಲ್ಲ.

ಡೊಂಬಿವಲಿ ಸ್ಟೇಷನ್ನಿನ ಸೇತುವೆಯ ಮೆಟ್ಟಿಲನ್ನು ಭಾವ ನಿಂತು ನಿಂತು ಹತ್ತಿದರು. ಜನ ಎರಡೂ ಕಡೆಯಿಂದ ಬೈಯುತ್ತ ದಾಟಿಹೋಗುತ್ತಿದ್ದರು. ಮೇಲೆ ಬಂದವರು ಥಾಣೆ ಕಡೆಯ ಪ್ಲಾಟ್‌ಫಾರ್ಮಿಗೆ ಇಳಿಯಲಿಲ್ಲ. ಬೇರೆ ಕಡೆ ಇಳಿದರು. ದಾರಿ ತಪ್ಪಿತೇನೋ, ತಲೆ ಸರಿ ಇಲ್ಲವೇನೋ ಎಂದು ನಾನೂ ಹಿಂದೆಯೇ ಇಳಿದೆ. ಕಲ್ಯಾಣಿನ ಗಾಡಿ ಬಂತು. ಭಾವ ಅದನ್ನು ಹತ್ತಿದರು. ನಾನು ಅದೇ ಬೋಗಿಯ ಇನ್ನೊಂದು ಬಾಗಿಲಿನಿಂದ ಹತ್ತಿದೆ.

ಅವರು ನೇರವಾಗಿ ಒಂದು ಕಿಟಕಿಯ ಬಳಿ ಹೋದರು. ಅಲ್ಲಿ ಚೀಲ ಇಟ್ಟು ಜಾಗ ಹಿಡಿದಿದ್ದವರೊಬ್ಬರು ಅದನ್ನು ತೆಗೆದು, ಕಲಬುರ್ಗಿ ಕಡೆಯ ಕನ್ನಡದಲ್ಲಿ ಶುರು ಮಾಡಿದರು. "ಏನ್ರೀ ಮ್ಯಾನೇಜರ್ ಸಾಹೇಬ್ರ, ಒಂದು ವಾರ ಎಲ್ಲಿ ಹೋಗಿದ್ರಿ? ನಿಮ್ಮ ಕಿಟಕಿ ಕಾಯೂದರಾಗ ನಮಗ ದಿನಾ ಜಗಳ. ನಿನ್ನೆ ಒಬ್ಬಾವ ಕೇಳಿದ, ಈ ಸೀಟು ನಿಮ್ಮಪ್ಪಂದೇನು ಅಂತ. ಅಲ್ಲೋ, ನಮ್ಮ ಹೋಟೆಲ್ ಮ್ಯಾನೇಜರಂದು ಅಂದೆ."

ಭಾವ ನಗುತ್ತ ಕೂತರು. ತಲೆ ಎತ್ತಿದಾಗ ಅವರಿಗೆ ನಾನು ಕಂಡೆ. ನಗು ನಿಂತಿತು.

"ನಮ್ಮ ಭಾವ" ಎಂದು ನಾನೇ ಪರಿಚಯ ಹೇಳಿಕೊಂಡೆ ಆ ಮನುಷ್ಯನಿಗೆ. "ಇವರು ಯಾವಾಗಿನಿಂದ ಹೀಗೆ ಬರ್ತಾರೆ?"

"ದೀಪಾವಳಿ ಆದಾಗಿಂದ ನಮ್ಮ ಗುಂಪಿನಾಗ ಅದಾರ. ಮೊದಲ ನಮ್ಮನ್ನ ನೋಡಿ ನಗತಿದ್ರು, ಈಗ ಎಲ್ಲಾರಕಿಂತ ಮೊದಲ ಅವ್ರೇ ಕೂಡತಾರ."

ಬ್ಯಾಂಡ್ ಕಟ್ಟಿದ್ದು ದೀಪಾವಳಿಯ ಎಷ್ಟೋ ದಿನದ ಮೇಲೆ.

ಕಲ್ಯಾಣಿನಲ್ಲಿ ಜನ ಮುಗಿಬಿದ್ದು ಹತ್ತಿದರು. ನಾನು ಭಾವನ ಮೊಣಕಾಲಿಗೆ ತಾಗಿ ನಿಂತಿದ್ದೆ. ಅವರ ಎಡಗೈ ತೊಡೆಯ ಮೇಲೆ, ಟಿಫಿನ್ ಚೀಲದ ಪಕ್ಕದಲ್ಲಿ, ಹಾಯಾಗಿ ಮಲಗಿತ್ತು. ಅಷ್ಟು ವಾರ ನಾನು ತಲೆಯ ಮೇಲೆ ನೇತಾಡುತ್ತಿದೆ ಎಂದು ನಂಬಿದ್ದ ಕೈ.

ಗಾಡಿ ಹೊರಟ ಮೇಲೆ ಅವರು ಕಿಟಕಿಯ ಆಚೆ ನೋಡುತ್ತಲೇ ಮೆಲ್ಲಗೆ ಹೇಳಿದರು. "ನಿಂತರೆ ಕಣ್ಣು ಕಪ್ಪಾಗ್ತದೆ ಮಾರಾಯ. ಸೇತುವೆ ಹತ್ತಿದ ಮೇಲೆ ಜಾಸ್ತಿ. ಎರಡು ಸಲ ಯಾರದ್ದೋ ಮೈಮೇಲೆ ಬಿದ್ದೆ, ಕುಡಿದಿದ್ದಾನೆ ಅಂದರು."

"ನಿಂತೇ ಹೋಗ್ತೇನೆ ಅಂತ ನನಗೆ ಹೇಳಿದ್ರಿ."

"ಇಷ್ಟು ವರ್ಷ ಬಾಯಿ ಬಡ್ಕೊಂಡವನು, ಈಗ ನಾನೂ ಕಲ್ಯಾಣಿಗೆ ಹೋಗಿ ಬರ್ತೇನೆ ಅಂತ ಯಾವ ಬಾಯಲ್ಲಿ ಹೇಳುದು?" ಟಿಫಿನ್ ಚೀಲ ಸರಿಮಾಡಿಕೊಂಡು, "ನಿನ್ನ ಅಕ್ಕನಿಗೆ ಹೇಳ್ಬೇಡ" ಎಂದರು.

ನಾನು ಬಗ್ಗಿ ಅವರ ಮಣಿಕಟ್ಟು ಹಿಡಿದೆ. ನಾಡಿಯ ಯಂತ್ರ ಮಾಡುವ ನಾನು ಬೆರಳಿಟ್ಟು ಯಾರ ನಾಡಿಯನ್ನೂ ನೋಡಿದವನಲ್ಲ. ಹುಡುಕಬೇಕಾಯಿತು. ಸಿಕ್ಕಿತು. ಒಂದು ಬಡಿತ, ಆಮೇಲೆ ಒಂದು ಉದ್ದನೆಯ ಖಾಲಿ, ಆಮೇಲೆ ಇನ್ನೊಂದು. ಆ ಖಾಲಿ ಅವರ ಹೃದಯದ್ದೋ, ಗಾಡಿಯ ಕುಲುಕಿಗೆ ನನ್ನ ಬೆರಳು ಜಾರಿದ್ದೋ? ಇವತ್ತಿಗೂ ಆಣೆ ಮಾಡಿ ಹೇಳಲಾರೆ.

ಥಾಣೆಯಲ್ಲಿ ಇಳಿದವನು ಅವರನ್ನು ಹೋಟೆಲಿಗೆ ಹೋಗಲು ಬಿಡದೆ ನೇರವಾಗಿ ಆಸ್ಪತ್ರೆಗೆ ಕರೆದೊಯ್ದೆ. ಅವರು ದಾರಿಯುದ್ದಕ್ಕೂ ಬೈದರು. ಅಕ್ಕನಿಗೆ ಫೋನ್ ಮಾಡಿ ಎಲ್ಲ ಹೇಳಿದೆ. ಆಸ್ಪತ್ರೆಯಲ್ಲಿ ಅದೇ ಡಾಕ್ಟರ್ ಸಿಗುವವರೆಗೆ ಕಾದೆ. "ಅವರು ಕೂತಿದ್ದರು. ಕೈ ಕೆಳಗಿತ್ತು. ಮೆಟ್ಟಿಲು ಹತ್ತಿದ ಮೇಲೆ ಹೀಗಾಗುತ್ತದಂತೆ" ಎಂದೆ. ಈ ವಾಕ್ಯ ಮಾತ್ರ ಹಿಂದಿಯಲ್ಲೇ ನೆನಪಿದೆ, ಅಕ್ಷರಶಃ.

ಡಾಕ್ಟರ್ ಭಾವನ ಎದೆಗೆ ತಂತಿಗಳನ್ನು ಅಂಟಿಸಿದರು. ಒಬ್ಬ ನರ್ಸ್ ಸಣ್ಣ ಮಾನಿಟರ್ ಹಿಡಿದು ಪಕ್ಕದಲ್ಲಿ, ಇನ್ನೊಬ್ಬರು ಹಿಂದೆ, ನಿಧಾನವಾಗಿ ಆಸ್ಪತ್ರೆಯ ಮೆಟ್ಟಿಲು ಹತ್ತಿಸಿದರು. ಅಷ್ಟರಲ್ಲಿ ಅಕ್ಕ ಬಂದು ನನ್ನ ಜೊತೆ ಕೆಳಗೆ ನಿಂತಿದ್ದಳು. ಮೊದಲ ತಿರುವಿನಲ್ಲಿ ನರ್ಸ್ "ಮೇಡಂ" ಎಂದರು. ಡಾಕ್ಟರ್ ಭಾವನನ್ನು ಅಲ್ಲೇ ಮೆಟ್ಟಿಲ ಮೇಲೆ ಕೂರಿಸಿ ನನ್ನನ್ನು ಕರೆದು ಪರದೆ ತೋರಿಸಿದರು. ಹೃದಯದ ಮೇಲಿನ ಕೋಣೆ ಎರಡು ಸಲ ಕರೆದರೆ ಕೆಳಗಿನ ಕೋಣೆ ಒಂದು ಸಲ ಓಗೊಡುತ್ತಿದೆ, ನಡುವಿನ ದಾರಿ ಕೆಡುತ್ತಿದೆ, ದಣಿದಾಗ ಹೆಚ್ಚು ಎಂದರು. ಎರಡಕ್ಕೆ ಒಂದು. ಸರಿಯಾಗಿ ಅರ್ಧ. ಎಣಿಕೆ ತಪ್ಪಿದ ಯಂತ್ರದ ಅರ್ಧವೂ, ದಾರಿ ಕೆಟ್ಟ ಹೃದಯದ ಅರ್ಧವೂ ಒಂದೇ ಅಂಕಿಯಾಗಿ ಬರುತ್ತದೆ ಎಂದು ನನಗೆ ಯಾವ ತರಗತಿಯಲ್ಲೂ ಹೇಳಿರಲಿಲ್ಲ. ಹೇಳಿದ್ದರೂ ಇರಬಹುದು, ನನಗೆ ನೆನಪಿಲ್ಲದೆ ಹೋಗಿರಬಹುದು.

ಅಕ್ಕ ಕೆಳಗಿನ ಮೆಟ್ಟಿಲಿನಲ್ಲೇ ಕೂತುಬಿಟ್ಟಳು. ಭಾವ ಮೇಲಿನಿಂದ "ನೀನ್ಯಾಕೆ ಕೂತಿ? ದಾರಿ ಕೆಟ್ಟದ್ದು ನನ್ನ ಹೃದಯದ್ದು" ಎಂದರು. ಯಾರೂ ನಗಲಿಲ್ಲ.

ಭಾವನಿಗೆ ಪೇಸ್‌ಮೇಕರ್ ಹಾಕಿದರು. ಈಗ ಗಲ್ಲೆಯಲ್ಲಿ ಕೂರುತ್ತಾರೆ, ಕಲ್ಯಾಣಿಗೆ ಹೋಗಿಯೇ ಬರುತ್ತಾರೆ. ಅಕ್ಕನಿಗೆ ಹೇಳಿದ್ದಕ್ಕೆ ಎಷ್ಟೋ ದಿನ ನನ್ನೊಡನೆ ಸರಿಯಾಗಿ ಮಾತಾಡಲಿಲ್ಲ. ಅಕ್ಕ ಒಮ್ಮೊಮ್ಮೆ, ಬೇರೇನೋ ಮಾತಿನ ನಡುವೆ, ಕಾರಿಡಾರಿನಲ್ಲಿ ನಾನು ಹೇಳಿದ ಮಾತನ್ನು ಎತ್ತುತ್ತಾಳೆ. ನಾನು ಅಲ್ಲ ಎನ್ನುತ್ತೇನೆ. ಎನ್ನುವಾಗ ನನ್ನ ದನಿ ನನಗೇ ನಂಬಿಕೆ ಹುಟ್ಟಿಸುವುದಿಲ್ಲ. ನಾವು ಸುಮ್ಮನೆ ಕಳೆದ ಆ ವಾರಗಳಲ್ಲಿ ಯಾವ ಬೆಳಿಗ್ಗೆ ಬೇಕಾದರೂ, ಯಾವ ಮೆಟ್ಟಿಲಿನಲ್ಲಿ ಬೇಕಾದರೂ ಅದು ಪೂರ್ತಿ ನಿಲ್ಲಬಹುದಿತ್ತು. ಸೇತುವೆ ಹತ್ತುವಾಗ ಅದು ಈಗಲೂ ನೆನಪಾಗುತ್ತದೆ, ಕಂಬಿ ಹಿಡಿದುಕೊಳ್ಳುತ್ತೇನೆ.

ಆಮೇಲೆ ನಾನು ಪರೀಕ್ಷಿಸಿ ನೋಡಿದ್ದು ಒಂದೇ ಸಂಗತಿ. ಭಾವ ಕಟ್ಟಿಕೊಂಡಿದ್ದ ಅದೇ ಬ್ಯಾಂಡನ್ನು ನನ್ನ ಎಡಗೈಗೆ ಕಟ್ಟಿ, ಎದೆಗೆ ಇನ್ನೊಂದು ಪಟ್ಟಿ ಹಾಕಿ, ಬೆಳಗಿನ ಅದೇ ಗಾಡಿಯಲ್ಲಿ ಡೊಂಬಿವಲಿಯಿಂದ ಕಲ್ಯಾಣಿಗೆ ಹೋಗಿ, ಅದೇ ಸಾಲಿನ ಕಿಟಕಿಯ ಬಳಿ ಕೂತು ಥಾಣೆಗೆ ಬಂದೆ. ಒಂದು ದಿನ ಸಾಲದು ಎಂದು ಮತ್ತೆ ಮತ್ತೆ ಬಂದೆ. ಪಟ್ಟಿಯನ್ನು ಬಿಗಿ ಮಾಡಿ ನೋಡಿದೆ, ಸಡಿಲ ಮಾಡಿ ನೋಡಿದೆ. ಕೈ ತೊಡೆಯ ಮೇಲಿದ್ದಾಗ ಆ ಬ್ಯಾಂಡು ಒಮ್ಮೆಯೂ ಅರ್ಧ ಎಣಿಸಲಿಲ್ಲ.